ಭಾವ ಅಂಗಡಿಯಲ್ಲಿ ಏಣಿಯಿಂದ ಬಿದ್ದರು, ಓನರ್ ನಮ್ಮವರೇ. ಕ್ಯಾಲಿಫೋರ್ನಿಯಾದಲ್ಲಿ ವರ್ಕರ್ಸ್ ಕಾಂಪ್ (ಕೆಲಸದಲ್ಲಿ ಪೆಟ್ಟಾದರೆ ಸಿಗುವ ವಿಮಾ ಪರಿಹಾರ) ಹಾಕೋದಾ, ಬೇಡವಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಭಾವ ಇಲ್ಲೊಂದು ಇಂಡಿಯನ್ ಗ್ರೋಸರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. 19 ದಿನದ ಹಿಂದೆ ಗೋದಾಮಿನ ಮೇಲಿನ ಶೆಲ್ಫಿನಿಂದ ಎಣ್ಣೆ ಡಬ್ಬದ ಬಾಕ್ಸ್ ಇಳಿಸುವಾಗ ಏಣಿ ಜಾರಿ ಬಲಭುಜದ ಮೇಲೇ ಬಿದ್ದರು. ಈಗ ಕೈ ಎದೆಯ ಮಟ್ಟ ದಾಟಿ ಮೇಲೆ ಬರುತ್ತಿಲ್ಲ. ಅಂಗಿ ಗುಂಡಿ ಅಕ್ಕನೇ ಹಾಕಬೇಕು.

ಓನರ್ ನಮ್ಮ ಕಡೆಯವರೇ. ಹಬ್ಬಕ್ಕೆ ಹೋಗಿ ಬಂದು ಮಾಡುವಷ್ಟು ಬಳಕೆ. ಬಿದ್ದ ದಿನ ಅವರೇ ಅರ್ಜೆಂಟ್ ಕೇರ್‌ಗೆ ಕರೆದುಕೊಂಡು ಹೋದರು. ಬಾಗಿಲಲ್ಲಿ ಮಾತ್ರ "ಮನೇಲಿ ಬಿದ್ದೆ ಅಂತ ಹೇಳಿಬಿಡು, ಇಲ್ಲಾಂದ್ರೆ ಸುಮ್ನೆ ತಲೆನೋವು" ಅಂದರಂತೆ. ಭಾವ ಹಾಗೇ ಹೇಳಿದರು. ಮೂಳೆ ಮುರಿದಿಲ್ಲ, ಎಂಆರ್‌ಐ ಮಾಡಿಸಿ ಅಂದಿದ್ದಾರೆ. ಓನರ್ 500 ಡಾಲರ್ ಕೈಗೆ ಕೊಟ್ಟರು. ಅವತ್ತಿನಿಂದ ಸಂಬಳ ಇಲ್ಲ.

ಕ್ಲೇಮ್ ಹಾಕಬಹುದಾ? ಸುಳ್ಳು ಹೇಳಿದ್ದಕ್ಕೆ ಏನಾದರೂ ಆಗುತ್ತಾ? ಭಾವನವರಂತೂ "ಅಣ್ಣನ ಮೇಲೆ ಕೇಸ್ ಹಾಕಲ್ಲ" ಅಂತ ಕೂತಿದ್ದಾರೆ.

ಫೈಲುಗುಡ್ಡೆ

ಇನ್ಶೂರೆನ್ಸ್ ಕಂಪನಿಯಲ್ಲಿ ಕೂತು ಇದೇ ಕ್ಲೇಮುಗಳನ್ನು ವರ್ಷಗಟ್ಟಲೆ ನೋಡಿದವನು ನಾನು. ಈಗ ಬಿಟ್ಟಿದ್ದೇನೆ. ವಕೀಲ ಅಲ್ಲ.

ಮೊದಲು ತಾರೀಕು ನೋಡೋಣ. ಪೆಟ್ಟಾದ 30 ದಿನದೊಳಗೆ ಮಾಲೀಕರಿಗೆ ತಿಳಿಸಬೇಕು. 19 ಹೋಯಿತು, 11 ಉಳಿದಿದೆ. ಅವರೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ, ಹಾಗಾಗಿ "ನನಗೆ ಗೊತ್ತೇ ಇರಲಿಲ್ಲ" ಅನ್ನುವುದು ಕಷ್ಟ. ಆದರೂ ಇವತ್ತೇ ಬರವಣಿಗೆಯಲ್ಲಿ ಹೋಗಲಿ. ವಾಟ್ಸಾಪ್ ಆದರೂ ಪರವಾಗಿಲ್ಲ, ಇಮೇಲ್ ಆದರೆ ಇನ್ನೂ ಒಳ್ಳೆಯದು. ಇಷ್ಟು ಸಾಕು: "ಇಂಥ ದಿನ, ಇಷ್ಟು ಗಂಟೆಗೆ, ಗೋದಾಮಿನಲ್ಲಿ ಏಣಿಯಿಂದ ಬಿದ್ದೆ. ಬಲಭುಜಕ್ಕೆ ಪೆಟ್ಟಾಗಿದೆ. ಕ್ಲೇಮ್ ಫಾರ್ಮ್ ಕೊಡಿ." ಕುತ್ತಿಗೆಯೂ ಹಿಡಿದಿದ್ದರೆ ಕುತ್ತಿಗೆ ಅಂತಲೂ ಬರೆಸಿ. ಭುಜ ಮಾತ್ರ ಬರೆದು ಮೂರು ತಿಂಗಳಾದ ಮೇಲೆ ಕುತ್ತಿಗೆ ಅಂದರೆ ನನ್ನಂಥವರು ಹುಬ್ಬು ಏರಿಸುತ್ತಿದ್ದೆವು.

ಆ ಫಾರ್ಮಿನ ಹೆಸರು ಡಿಡಬ್ಲ್ಯುಸಿ-1. ವಿಷಯ ಗೊತ್ತಾದ ಒಂದು ಕೆಲಸದ ದಿನದೊಳಗೆ ಮಾಲೀಕರು ಅದನ್ನು ಕೊಡಲೇಬೇಕು. ಕೊಡದಿದ್ದರೆ ರಾಜ್ಯದ ವರ್ಕರ್ಸ್ ಕಾಂಪ್ ಇಲಾಖೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಮೇಲಿನ ಅರ್ಧ ಭಾವ ತುಂಬಬೇಕು, ಕೆಳಗಿನದು ಓನರ್. ಕೈಯಲ್ಲಿ ಕೊಟ್ಟರೆ ಕೊಡುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಅಂಚೆಯಲ್ಲಾದರೆ ಸರ್ಟಿಫೈಡ್ ಮೇಲ್ ಮಾಡಿ, ರಸೀದಿ ಬಿಸಾಡಬೇಡಿ.

ಈ ಫಾರ್ಮ್ ಒಳಗೆ ಹೋದ ಮೇಲೆಯೇ ಗಡಿಯಾರ ಓಡುವುದು. ಒಂದು ಕೆಲಸದ ದಿನದಲ್ಲಿ ಮಾಲೀಕರ ಕಡೆಯವರು ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕು. ಒಪ್ಪುವುದೋ ಬಿಡುವುದೋ ಅಂತ ತೀರ್ಮಾನ ಆಗುವ ತನಕ 10,000 ಡಾಲರ್‌ವರೆಗಿನ ಚಿಕಿತ್ಸೆ ಅವರದೇ ಖರ್ಚು. ತೀರ್ಮಾನಕ್ಕೆ 90 ದಿನ. ಅಷ್ಟರಲ್ಲಿ ತಿರಸ್ಕರಿಸದಿದ್ದರೆ ಪೆಟ್ಟು ಕೆಲಸದ್ದೇ ಅಂತ ಕಾನೂನು ಹಿಡಿಯುತ್ತದೆ. "ಅಣ್ಣನಿಗೆ ಹೇಳಿದ್ದೀನಲ್ಲ" ಅನ್ನುವ ಬಾಯಿಮಾತಿಗೆ ಈ 90 ದಿನ ಶುರುವೇ ಆಗುವುದಿಲ್ಲ. ಜನ ಎಡವುವುದು ಇಲ್ಲೇ.

ಜೋಳದರೊಟ್ಟಿ

ತಂಗಿ, ಕಾಗದದ ಮಾತು ಸರಿ ಇರಬಹುದು. ಆದರೆ ಪರದೇಶದಲ್ಲಿ ಕೆಲಸ ಕೊಟ್ಟವರು, ಕಷ್ಟಕ್ಕೆ ಕಾರಲ್ಲಿ ಕರೆದುಕೊಂಡು ಹೋದವರು. ಕೂತು ಮಾತಾಡಿ ಎಂಆರ್‌ಐ ಖರ್ಚು ಕೊಡಿ ಅಂದರೆ ಕೊಡಲಿಕ್ಕಿಲ್ಲವೇ? ನಾಳೆ ಅವರ ಮನೆಯ ಕಾರ್ಯಕ್ಕೆ ಯಾವ ಮುಖ ಇಟ್ಟುಕೊಂಡು ಹೋಗುತ್ತೀರಿ? ಕೋರ್ಟು ಕಚೇರಿ ಆದಮೇಲೆ ಸಂಬಂಧ ಉಳಿಯುವುದಿಲ್ಲ.

ಹಳೆಕ್ಯಾಲೆಂಡರ್

ರೊಟ್ಟಿಯವರೇ, ಇದು ಓನರ್ ಮೇಲಿನ ಕೇಸೇ ಅಲ್ಲ. ಈ ಕಾನೂನು ಹುಟ್ಟಿದ ಕತೆ ಗೊತ್ತಾದರೆ ಅದು ತಾನಾಗಿ ಅರ್ಥ ಆಗುತ್ತದೆ.

ಮೊದಲೆಲ್ಲಾ ಪೆಟ್ಟಾದ ಕೆಲಸಗಾರ ನಿಜವಾಗಿಯೂ ಕೋರ್ಟಿಗೆ ಹೋಗಬೇಕಿತ್ತು. ತಪ್ಪು ಮಾಲೀಕನದು ಅಂತ ಸಾಬೀತು ಮಾಡಬೇಕಿತ್ತು. ನಿನ್ನದೂ ಸ್ವಲ್ಪ ತಪ್ಪಿದೆ ಅಂದರೆ ಕೈ ಖಾಲಿ. ನ್ಯೂಯಾರ್ಕ್ 1910ರಲ್ಲಿ ಇದನ್ನು ಬದಲಾಯಿಸುವ ಕಾನೂನು ತಂದಿತು. 1911ರ ಮಾರ್ಚ್ 24ರಂದು ಅಲ್ಲಿನ ಮೇಲಿನ ಕೋರ್ಟ್ ಅದನ್ನು ಹೊಡೆದುಹಾಕಿತು. ಮಾರನೇ ದಿನವೇ ಅದೇ ರಾಜ್ಯದ ನ್ಯೂಯಾರ್ಕ್ ನಗರದ ಟ್ರಯಾಂಗಲ್ ಗಾರ್ಮೆಂಟ್ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಸತ್ತವರು 146 ಜನ, ಜಾಸ್ತಿ ವಲಸೆ ಬಂದ ಹುಡುಗಿಯರು. ಅದೇ ವರ್ಷ ವಿಸ್ಕಾನ್ಸಿನ್‌ನ ಕಾನೂನು ಕೋರ್ಟಿನಲ್ಲೂ ನಿಂತಿತು. ಕೊನೆಗೆ ಮಿಸಿಸಿಪಿಯೂ 1948ರಲ್ಲಿ ಸೇರಿಕೊಂಡಿತು.

ಒಪ್ಪಂದ ಇಷ್ಟೇ: ತಪ್ಪು ಯಾರದು ಅಂತ ಕೇಳುವುದಿಲ್ಲ, ವಿಮೆಯವರು ಆಸ್ಪತ್ರೆ ಖರ್ಚು ಮತ್ತು ಸಂಬಳದ ಒಂದು ಪಾಲು ಕೊಡುತ್ತಾರೆ. ಬದಲಿಗೆ ಕೆಲಸಗಾರ ಮಾಲೀಕನ ಮೇಲೆ ದಾವೆ ಹೂಡುವ ಹಕ್ಕು ಬಿಟ್ಟುಕೊಟ್ಟ. ನಿಮ್ಮ ಭಾವ ಏಣಿ ಸರಿಯಾಗಿ ಇಟ್ಟಿರಲಿಲ್ಲ ಅಂತಲೇ ಇಟ್ಟುಕೊಳ್ಳಿ. ಆಗಲೂ ಸಿಗುತ್ತದೆ. "ಅಣ್ಣನ ಮೇಲೆ ಕೇಸ್ ಹಾಕಲ್ಲ" ಅಂತಾರಲ್ಲ, ಆ ಕೇಸ್ ಹಾಕುವ ದಾರಿಯನ್ನೇ ನೂರು ವರ್ಷದ ಹಿಂದೆ ಮುಚ್ಚಿದ್ದಾರೆ.

ಅಂಗಡಿಯವ

ನಾನೂ ಒಂದು ಚಿಕ್ಕ ಅಂಗಡಿ ಇಟ್ಟಿದ್ದೇನೆ, ಎಂಟು ಜನ ಕೆಲಸದವರು. ಆ ಓನರ್ ಯಾಕೆ ಹೆದರಿದರು ಅಂತ ನಾನು ಹೇಳುತ್ತೇನೆ.

ನಮ್ಮ ಪ್ರೀಮಿಯಂ ಲೆಕ್ಕ ಹಾಕುವುದು ಒಟ್ಟು ಸಂಬಳದ ಮೇಲೆ. ಕ್ಲೇಮ್ ಬಂದರೆ ಮುಂದೆ ಪ್ರೀಮಿಯಂ ಏರಬಹುದು, ಅದು ನಿಜ. ಆದರೆ ಅದಕ್ಕಾಗಿ ಯಾರೂ ಅರ್ಜೆಂಟ್ ಕೇರ್ ಬಾಗಿಲಲ್ಲಿ ನಿಂತು ಸುಳ್ಳು ಹೇಳಿಸುವುದಿಲ್ಲ. ಹಾಗೆ ಹೇಳಿಸಿದರೆ ನನಗೆ ಎರಡು ಅನುಮಾನ. ಒಂದು, ವಿಮೆಯೇ ಇಲ್ಲ. ಇಲ್ಲಿ ಒಬ್ಬನೇ ಕೆಲಸದವನಿದ್ದರೂ ವಿಮೆ ಬೇಕು, ಇಲ್ಲದಿದ್ದರೆ ಅದು ಅಪರಾಧ. ಎರಡು, ಸಂಬಳದಲ್ಲಿ ಅರ್ಧ ಕ್ಯಾಶ್, ಆಡಿಟ್ ಬಂದರೆ ಗೊತ್ತಾಗುತ್ತದೆ.

ತಂಗಿ, ಭಾವನವರಿಗೆ ಸಂಬಳ ಹೇಗೆ ಕೊಡುತ್ತಾರೆ?

ತುಂಗಾತೀರ

ನಿಮಗೆ ಹೇಗೆ ಗೊತ್ತಾಯಿತು! ವಾರಕ್ಕೆ 720 ಚೆಕ್ಕಿನಲ್ಲಿ, 180 ಕವರಿನಲ್ಲಿ.

ವಿಮೆ ಇದೆಯೋ ಇಲ್ಲವೋ ಗೊತ್ತಿಲ್ಲ. ಅಂಗಡಿ ಗೋಡೆಗೆ ವಿಮೆಯ ನೋಟಿಸ್ ಅಂಟಿಸಿದ್ದಾರಾ ಅಂತ ಇವತ್ತು ಭಾವನ ಜೊತೆ ಕೆಲಸ ಮಾಡುವ ಹುಡುಗನಿಗೆ ಹೇಳಿ ಫೋಟೋ ತೆಗೆಸುತ್ತೇನೆ.

ಫೈಲುಗುಡ್ಡೆ

ಆ ಗೋಡೆಯ ನೋಟಿಸಿನಲ್ಲಿ ವಿಮೆ ಯಾರದು ಅಂತ ಇರಬೇಕು. ಇಲ್ಲದಿದ್ದರೆ ಮಾಲೀಕರ ಹೆಸರು ಹಾಕಿ ವಿಮೆ ಹುಡುಕುವ ವೆಬ್‌ಸೈಟೂ ಇದೆ. ವಿಮೆಯೇ ಇಲ್ಲ ಅಂತಾದರೆ ಅದಕ್ಕೆಂದೇ ರಾಜ್ಯದ ಒಂದು ನಿಧಿ ಇದೆ. ನಿಧಾನ, ಕಾಗದ ಜಾಸ್ತಿ, ಆಗ ವಕೀಲರಿಲ್ಲದೆ ಹೋಗಬೇಡಿ ಅಂತಲೇ ಹೇಳುತ್ತೇನೆ.

ಈಗ ಕವರಿನ ಲೆಕ್ಕ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಿಗುವುದು ವಾರದ ಸಂಬಳದ ಮೂರರಲ್ಲಿ ಎರಡು ಪಾಲು. ತೆರಿಗೆ ಹಿಡಿಯುವ ಮೊದಲಿನ ಸಂಬಳ ಅದು. ಬರುವ ದುಡ್ಡಿಗೆ ತೆರಿಗೆ ಇಲ್ಲ. ರಾಜ್ಯ ಹೇಳುವ ಕೆಳಮಿತಿ ಮೇಲ್ಮಿತಿ ಇವೆ, ಇವರ ಸಂಬಳಕ್ಕೆ ಮೇಲ್ಮಿತಿ ಅಡ್ಡ ಬರುವುದಿಲ್ಲ. 720ಕ್ಕೆ 480. 900ಕ್ಕೆ 600. ವಾರಕ್ಕೆ 120 ಡಾಲರ್ ವ್ಯತ್ಯಾಸ. ಆಪರೇಷನ್ ಆಗಿ ಆರು ತಿಂಗಳು ಮನೆಯಲ್ಲಿ ಕೂತರೆ ಮೂರು ಸಾವಿರ ದಾಟುತ್ತದೆ.

ಕ್ಯಾಶ್ ಕೂಡ ಸಂಬಳವೇ, ಆದರೆ ಕೊಟ್ಟಿದ್ದಾರೆ ಅಂತ ತೋರಿಸಬೇಕು. ಗಂಟೆ ಬರೆದ ಡೈರಿ, ಬ್ಯಾಂಕಿಗೆ ಕಟ್ಟಿದ ದಾಖಲೆ, ಓನರ್ ಮೆಸೇಜ್, ಏನಿದ್ದರೂ ತೆಗೆದಿಡಿ. ಇನ್ನೊಂದು ಬಾಯಿಬಿಟ್ಟೇ ಹೇಳಬೇಕು. ಆ 180ನ್ನು ಭಾವನವರು ತೆರಿಗೆಯಲ್ಲಿ ತೋರಿಸಿಲ್ಲದಿದ್ದರೆ ಅದೂ ಮೇಲೆ ಬರುತ್ತದೆ. ಅದರ ಬಗ್ಗೆ ಮೊದಲು ವಕೀಲರ ಹತ್ತಿರ ಮಾತಾಡಿ, ಇಲ್ಲಿ ಬರೆಯಬೇಡಿ.

ಅಕ್ಕಿಮೂಟೆ

500 ಕೊಟ್ಟಿದ್ದಾರಲ್ಲ, ಅದನ್ನು ತೆಗೆದುಕೊಂಡ ಮೇಲೆ ಕ್ಲೇಮ್ ಹೋಯಿತು ಅಂತಲ್ವಾ?

ಫೈಲುಗುಡ್ಡೆ

ಇಲ್ಲ. ಕೈಗೆ ದುಡ್ಡು ಕೊಟ್ಟು ಹಕ್ಕು ಕೊಂಡುಕೊಳ್ಳಲು ಬರುವುದಿಲ್ಲ. ರಾಜಿ ಅಂದರೂ ವರ್ಕರ್ಸ್ ಕಾಂಪ್ ಜಡ್ಜ್ ಒಪ್ಪಬೇಕು. ಯಾವುದಾದರೂ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರೆ ಮಾತ್ರ ಅದರ ಫೋಟೋ ಹುಡುಕಿ.

ರಾತ್ರಿಪಾಳಿ

ನಾನು ನರ್ಸ್. ಮೂಲ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. "ಮನೇಲಿ ಬಿದ್ದೆ" ಅನ್ನುವ ಆ ಒಂದು ಸಾಲು.

ಕ್ಲಿನಿಕ್ಕಿನಲ್ಲಿ ಮೊದಲು ಕೊಡುವ ಹಾಳೆಯಲ್ಲಿ "ಇದು ಕೆಲಸಕ್ಕೆ ಸಂಬಂಧಿಸಿದ್ದಾ?" ಅಂತ ಒಂದು ಚೌಕ ಇರುತ್ತದೆ. ನೋವಿನಲ್ಲಿ ಜನ ನೋಡದೇ ಟಿಕ್ ಹಾಕುತ್ತಾರೆ. ಆಮೇಲೆ ನೋಡುವ ಪ್ರತಿಯೊಬ್ಬ ಡಾಕ್ಟರೂ ಅದೇ ಸಾಲನ್ನು ತಮ್ಮ ವರದಿಗೆ ಇಳಿಸುತ್ತಾರೆ. ಹತ್ತು ಕಡೆ ಆದಮೇಲೆ ಸುಳ್ಳು ನಿಜಕ್ಕಿಂತ ಗಟ್ಟಿ ಆಗಿರುತ್ತದೆ.

ಅಳಿಸುವುದಕ್ಕೆ ಆಗುವುದಿಲ್ಲ, ಸೇರಿಸುವುದಕ್ಕೆ ಆಗುತ್ತದೆ. ದಾಖಲೆ ತಿದ್ದಲು ಬರವಣಿಗೆಯಲ್ಲಿ ಕೇಳಿ: ಬಿದ್ದದ್ದು ಎಲ್ಲಿ, ಅವತ್ತು ಹಾಗೆ ಹೇಳಿದ್ದು ಯಾಕೆ. ಅವರು ಒಪ್ಪದಿದ್ದರೂ ನಿಮ್ಮ ಹೇಳಿಕೆಯನ್ನು ಫೈಲಿಗೆ ಸೇರಿಸಿ ಅನ್ನುವ ಹಕ್ಕಿದೆ. ಮುಂದಿನ ಡಾಕ್ಟರಿಗೆ ಮೊದಲ ಮಾತಲ್ಲೇ ನಿಜ ಹೇಳಿ. ಸುಳ್ಳನ್ನು ಮುಂದುವರಿಸಿದರೆ ತೊಂದರೆ, ತಿದ್ದಿಕೊಂಡರೆ ಕಷ್ಟ ಕಡಿಮೆ.

ನನಗೂ ಸೊಂಟ ಹಿಡಿದಿತ್ತು, ಪೇಷಂಟ್ ಎತ್ತುವಾಗ. "ಬೆಳಗ್ಗೆ ಸರಿ ಹೋಗುತ್ತೆ" ಅಂತ ಮಾತ್ರೆ ನುಂಗಿ ಪಾಳಿ ಮುಗಿಸಿದೆ. ವರದಿ ಮಾಡಿದ್ದು ನಾಲ್ಕನೇ ದಿನ. ಮಧ್ಯದ ಆ ಮೂರು ದಿನ ಮನೆಯಲ್ಲಿ ಏನು ಎತ್ತಿದೆ, ಮಗು ಎಷ್ಟು ಕೆಜಿ ಅಂತ ಅಡ್ಜಸ್ಟರ್ (ಕ್ಲೇಮ್ ವಿಚಾರಿಸುವ ವಿಮೆಯವರು) ಫೋನಿನಲ್ಲಿ ಕೇಳುತ್ತಲೇ ಇದ್ದರು. ಮಗು 11 ಕೆಜಿ. ಈಗಲೂ ಬಾಯಿಗೆ ಬರುತ್ತದೆ.

ಫೈಲುಗುಡ್ಡೆ

ಆ ಫೋನ್ ಮಾಡಿದ್ದು ನಾನಲ್ಲ ಅಂತ ಅಂದುಕೊಳ್ಳುತ್ತೇನೆ 🙂

ನರ್ಸಮ್ಮ ಹೇಳಿದ್ದೇ ಸರಿ. ಜೊತೆಗೆ ಅವತ್ತಿನ ಸಾಕ್ಷಿ ಹಿಡಿದಿಡಿ. ಬಿದ್ದಾಗ ಎತ್ತಿದವರು ಯಾರು? ಅವತ್ತು ಅಕ್ಕನಿಗೆ "ಅಂಗಡಿಯಲ್ಲಿ ಬಿದ್ದೆ" ಅಂತ ಮೆಸೇಜ್ ಹೋಗಿದೆಯಾ? ಗೋದಾಮಿನಲ್ಲಿ ಕ್ಯಾಮೆರಾ ಇದ್ದರೆ ರೆಕಾರ್ಡಿಂಗ್ ಉಳಿಸಿ ಅಂತ ಅದೇ ಇಮೇಲಿನಲ್ಲಿ ಕೇಳಿ. ಹಳೆಯದರ ಮೇಲೆ ಹೊಸದು ತಾನಾಗಿ ಬರೆದುಕೊಳ್ಳುತ್ತದೆ, 19 ದಿನ ಅಂದರೆ ಆಗಲೇ ತಡ.

ಟೆಕ್ಸಾಸ್‌ಬಿಸಿಲು

ನಮ್ಮ ಕಡೆಯವರು ಇದನ್ನು ಓದಿ ಇಲ್ಲೂ ಹೀಗೇ ಅಂದುಕೊಳ್ಳಬೇಡಿ. ಟೆಕ್ಸಾಸಿನಲ್ಲಿ ಖಾಸಗಿ ಮಾಲೀಕರು ವಿಮೆ ತೆಗೆದುಕೊಳ್ಳಲೇಬೇಕು ಅಂತ ಇಲ್ಲ. ನಾನು ಮೋಟೆಲಿನಲ್ಲಿ ಕೆಲಸಕ್ಕೆ ಸೇರಿದಾಗ "ನಮ್ಮಲ್ಲಿ ವರ್ಕರ್ಸ್ ಕಾಂಪ್ ಇಲ್ಲ" ಅಂತ ಒಂದು ಚೀಟಿಗೆ ಸಹಿ ಹಾಕಿಸಿಕೊಂಡರು. ಏನು ಅಂತಲೂ ಓದಿರಲಿಲ್ಲ. ಹಾಗೆ ಹೊರಗುಳಿದ ಮಾಲೀಕರ ಮೇಲೆ ಮಾತ್ರ ಕೋರ್ಟಿಗೆ ಹೋಗಬಹುದು, ಆದರೆ ಅವರ ಅಜಾಗ್ರತೆ ತೋರಿಸಬೇಕು. ವಿಮೆ ಇದ್ದ ಕಡೆ 30 ದಿನದಲ್ಲಿ ಮಾಲೀಕರಿಗೆ ತಿಳಿಸಿ, ಒಂದು ವರ್ಷದೊಳಗೆ ರಾಜ್ಯಕ್ಕೆ ಕ್ಲೇಮ್ ಫಾರ್ಮ್ ಕಳಿಸಬೇಕು.

ಹಳೆಕ್ಯಾಲೆಂಡರ್

ಹೌದು, ಒಂದೊಂದು ರಾಜ್ಯಕ್ಕೆ ಒಂದೊಂದು ರಾಗ. ನ್ಯೂಯಾರ್ಕಿನಲ್ಲಿ 30 ದಿನದ ನೋಟಿಸು, ಕ್ಲೇಮಿಗೆ ಎರಡು ವರ್ಷ. ನ್ಯೂಜೆರ್ಸಿಯಲ್ಲಿ ಡಾಕ್ಟರನ್ನು ಆರಿಸುವುದು ಮಾಲೀಕರ ಕಡೆಯವರು. ಒಹಾಯೊ, ವಾಷಿಂಗ್ಟನ್, ನಾರ್ತ್ ಡಕೋಟಾ, ವಯೋಮಿಂಗ್‌ನಲ್ಲಿ ಖಾಸಗಿ ಕಂಪನಿಗಳು ಈ ವಿಮೆ ಮಾರುವ ಹಾಗೇ ಇಲ್ಲ, ಸರ್ಕಾರದ ನಿಧಿಯೇ ಎಲ್ಲ. ಪಕ್ಕದ ರಾಜ್ಯದ ಮಾವ ಹೇಳಿದ್ದನ್ನು ಕೇಳಿ ಕೂತರೆ ತಾರೀಕು ತಪ್ಪುತ್ತದೆ.

ಬೆರಳುನೋವು

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಐಟಿಯವರಿಗೂ ಇದು ಬರುತ್ತದಾ? ನನಗೆ ಎರಡೂ ಮಣಿಕಟ್ಟು ಜೋಮು. ವರ್ಷದಿಂದ ಇದೆ. ಹೋದ ತಿಂಗಳು ಲೇಆಫ್ ಆಯಿತು. ನಾನೂ ಕ್ಯಾಲಿಫೋರ್ನಿಯಾ.

ಫೈಲುಗುಡ್ಡೆ

ಬರುತ್ತದೆ. ಒಂದೇ ದಿನ ಆದ ಪೆಟ್ಟಲ್ಲದೆ ದಿನಾ ಸವೆದು ಆದದ್ದೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ತೊಡಕು ಲೇಆಫ್. ತೆಗೆದ ನೋಟಿಸ್ ಬಂದ ಮೇಲೆ ಹಾಕಿದ ಕ್ಲೇಮನ್ನು ಇಲ್ಲಿನ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೊರತು ಇದೆ: ನೋಟಿಸಿಗೆ ಮೊದಲೇ ಮ್ಯಾನೇಜರಿಗೆ ಗೊತ್ತಿತ್ತು, ಅಥವಾ ಮೊದಲಿನ ಡಾಕ್ಟರ್ ದಾಖಲೆಯಲ್ಲಿ ಈ ನೋವು ಇದೆ ಅಂತ ತೋರಿಸಿದರೆ ಆಗುತ್ತದೆ. ಆ ಹಳೆಯ ವಿಸಿಟ್ ಹುಡುಕಿ. ದಯವಿಟ್ಟು ನಿಮ್ಮದೇ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಭುಜ ಮುಗಿಯಲಿ.

ಅಕ್ಕಿಮೂಟೆ

ವೀಸಾ ಸರಿ ಇಲ್ಲದವರಿಗೆ?

ಫೈಲುಗುಡ್ಡೆ

ಕ್ಯಾಲಿಫೋರ್ನಿಯಾದಲ್ಲಿ ಅದು ಅಡ್ಡ ಬರುವುದಿಲ್ಲ. ಕಾನೂನಿನಲ್ಲೇ ಹಾಗೆ ಬರೆದಿದೆ.

ತುಂಗಾತೀರ (ಐದು ದಿನದ ಮೇಲೆ)

ಕೊನೆಗೂ ಭಾವ ಒಪ್ಪಿದರು. ಒಪ್ಪಿಸಿದ್ದು ನಾವಲ್ಲ. ರಾತ್ರಿ ನಿದ್ದೆಗಣ್ಣಲ್ಲಿ ಮಗ್ಗುಲು ಬದಲಾಯಿಸಿ ಕೂಗಿಕೊಂಡರು. ಬೆಳಗ್ಗೆ ಅಕ್ಕ "ಅಣ್ಣ ಬಂದು ನಿಮ್ಮ ಗುಂಡಿ ಹಾಕ್ತಾನಾ?" ಅಂದಳು. ಅಷ್ಟೇ.

ಗೋಡೆಯಲ್ಲಿ ನೋಟಿಸ್ ಇತ್ತು, ಕ್ಯಾಲೆಂಡರ್ ಹಿಂದೆ ಮುಚ್ಚಿಹೋಗಿತ್ತು. ವಿಮೆ ಇದೆ! ಇಮೇಲ್ ಮಾಡಿದೆವು, ಫಾರ್ಮ್ ನಾವೇ ಡೌನ್‌ಲೋಡ್ ಮಾಡಿ ಕೈಯಲ್ಲಿ ಕೊಟ್ಟೆವು. ಓನರ್ ಐದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ತುಂಬಿ ಸಹಿ ಹಾಕಿ ಪ್ರತಿ ಕೊಟ್ಟರು. "ನನ್ನ ಹತ್ತಿರ ಮೊದಲೇ ಹೇಳಬಹುದಿತ್ತು" ಅಂದರು. ಯಾವುದನ್ನು ಹೇಳಬೇಕಿತ್ತೋ ನನಗಂತೂ ತಿಳಿಯಲಿಲ್ಲ.

ನಿನ್ನೆ ಇನ್ಶೂರೆನ್ಸಿನಿಂದ ಕಾಗದ ಬಂತು. "ತೀರ್ಮಾನ ತಡವಾಗುತ್ತದೆ, ವಿಚಾರಿಸುತ್ತಿದ್ದೇವೆ" ಅಂತ. ಇದು ತಿರಸ್ಕಾರವಾ?

ಫೈಲುಗುಡ್ಡೆ

ಅಲ್ಲ. ಅದು ಡಿಲೇ ನೋಟಿಸ್, ಆ 90 ದಿನದ ಒಳಗಿನ ಆಟ. ಅರ್ಜೆಂಟ್ ಕೇರಿನ ಸಾಲು ನೋಡಿರುತ್ತಾರೆ. ಎಂಆರ್‌ಐಗೆ 10,000ದ ಲೆಕ್ಕದಲ್ಲಿ ಒಪ್ಪಿಗೆ ಕೇಳಿ. ಫೋನಿನಲ್ಲಿ ಹೇಳಿಕೆ ರೆಕಾರ್ಡ್ ಮಾಡುತ್ತೇವೆ ಅಂದರೆ ವಕೀಲರನ್ನು ಕೇಳಿದ ಮೇಲೆ ಆಗಲಿ.

ಸಂಬಳಕ್ಕೆ ಇನ್ನೊಂದು ಬಾಗಿಲು ಇದೆ, ಯಾರಿಗೂ ನೆನಪಾಗುವುದಿಲ್ಲ. ಚೆಕ್ಕಿನ ಸಂಬಳದಲ್ಲಿ ಎಸ್‌ಡಿಐ ಅಂತ ಹಿಡಿಯುತ್ತಾರಲ್ಲ, ಅದು ರಾಜ್ಯದ ಡಿಸೆಬಿಲಿಟಿ ವಿಮೆ. ಕಾಂಪ್ ತಡವಾದಾಗ ಇಡಿಡಿ ಅನ್ನುವ ರಾಜ್ಯದ ಉದ್ಯೋಗ ಇಲಾಖೆಗೆ ಅರ್ಜಿ ಹಾಕಿ ಅದನ್ನು ತೆಗೆದುಕೊಳ್ಳಬಹುದು. ಆಮೇಲೆ ಕಾಂಪ್ ಒಪ್ಪಿದರೆ ಇಡಿಡಿಯವರು ಆ ದುಡ್ಡನ್ನು ವಿಮಾ ಕಂಪನಿಯಿಂದ ವಸೂಲಿ ಮಾಡಿಕೊಳ್ಳುತ್ತಾರೆ. ಮುಚ್ಚಿಡಬೇಡಿ, ಎರಡೂ ಕಡೆ ಹೇಳಿ.

ಅಂಗಡಿಯವ

ವಕೀಲರು ಅಂದರೆ ದುಡ್ಡು ಅಂತ ಹೆದರಬೇಡಿ. ಇದರಲ್ಲಿ ಮೊದಲು ಕೊಡುವುದು ಏನೂ ಇಲ್ಲ. ಕೊನೆಯಲ್ಲಿ ಬಂದ ಹಣದಲ್ಲಿ ಒಂದು ಪಾಲು, ಸಾಮಾನ್ಯವಾಗಿ 15 ಪರ್ಸೆಂಟ್ ಒಳಗೆ. ಎಷ್ಟು ಅಂತ ಜಡ್ಜೇ ಹೇಳುತ್ತಾರೆ. ವಕೀಲರು ಬೇಡ ಅಂದರೆ ರಾಜ್ಯದ ಇಲಾಖೆಯಲ್ಲಿ ಇನ್ಫರ್ಮೇಷನ್ ಅಂಡ್ ಅಸಿಸ್ಟೆನ್ಸ್ ಆಫೀಸರ್ ಅಂತ ಇರುತ್ತಾರೆ, ಪುಕ್ಕಟೆ. ನನ್ನ ಕೆಲಸದವನೊಬ್ಬ ಅವರ ಹತ್ತಿರ ಹೋಗಿದ್ದ. ನನ್ನ ವಿರುದ್ಧವೇ ಹೋಗಿದ್ದ ಅನ್ನಿ! ಈಗಲೂ ನನ್ನಲ್ಲೇ ಇದ್ದಾನೆ. ಕ್ಲೇಮ್ ಹಾಕಿದ್ದಕ್ಕೆ ತೆಗೆಯುವ ಹಾಗಿಲ್ಲ, ತೆಗೆದರೆ ನಮಗೇ ದಂಡ.

ರಾತ್ರಿಪಾಳಿ

ಡಾಕ್ಟರ್ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ವಿಮೆಯವರ ಪಟ್ಟಿಯಲ್ಲಿರುವ ಡಾಕ್ಟರರೇ ನೋಡುತ್ತಾರೆ. ಸರಿ ಅನಿಸದಿದ್ದರೆ ಅದೇ ಪಟ್ಟಿಯೊಳಗೆ ಬದಲಾಯಿಸಬಹುದು. "ಕೆಲಸದಿಂದ ಆದದ್ದೇ ಅಲ್ಲವೇ" ಅನ್ನುವ ಜಗಳ ಬಂದರೆ ರಾಜ್ಯದಿಂದ ಮೂರು ಡಾಕ್ಟರ ಹೆಸರಿನ ಪಟ್ಟಿ ಬರುತ್ತದೆ, ಕ್ಯೂಎಂಇ ಅಂತಾರೆ. ವಕೀಲರು ಇಲ್ಲದವರು 10 ದಿನದೊಳಗೆ ಒಬ್ಬರನ್ನು ಆರಿಸಬೇಕು. ಸುಮ್ಮನಿದ್ದರೆ ವಿಮೆಯವರೇ ಆರಿಸಬಹುದು.

ಭಾವನವರಿಗೆ ಇಂಗ್ಲಿಷ್ ಹೇಗೆ? ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಕೇಳಿ, ಖರ್ಚು ವಿಮೆಯವರದು. "ಸೆಳೆತ", "ಚುಚ್ಚು", "ಜೋಮು", ಇವನ್ನೆಲ್ಲ "ಪೇನ್" ಅಂತ ಒಂದೇ ಮಾತಲ್ಲಿ ಹೇಳಿದರೆ ಡಾಕ್ಟರ್ ಅದನ್ನೇ ಬರೆಯುತ್ತಾರೆ.

ಜೋಳದರೊಟ್ಟಿ

ನಾನು ಮೊದಲು ಬರೆದದ್ದನ್ನು ಅಳಿಸುವುದಿಲ್ಲ, ಇರಲಿ. ಆದರೆ ಒಂದು ಕೇಳುತ್ತೇನೆ. ಫಾರ್ಮ್ ಕೊಟ್ಟಾಯಿತಲ್ಲ, ಇನ್ನು ನಿರಾಳವೇ?

ಫೈಲುಗುಡ್ಡೆ

ಪೂರ್ತಿ ಅಲ್ಲ. ಫಾರ್ಮ್ ಹೋಗಿದ್ದು ಓನರಿಗೆ ಮತ್ತು ವಿಮೆಗೆ. ಜಗಳ ಆದರೆ ರಾಜ್ಯದ ಅಪೀಲ್ಸ್ ಬೋರ್ಡಿನಲ್ಲಿ ಬೇರೆ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಪೆಟ್ಟಾದ ದಿನದಿಂದ ಒಂದು ವರ್ಷ. ಅಡ್ಜಸ್ಟರ್ ಜೊತೆ ನಗುನಗುತ್ತಾ ಇಮೇಲ್ ಮಾಡುತ್ತಾ ಆ ವರ್ಷ ಕಳೆದವರನ್ನು ನೋಡಿದ್ದೇನೆ. ತಾರೀಕನ್ನು ಫ್ರಿಜ್ ಮೇಲೆ ಅಂಟಿಸಿ.

ತುಂಗಾತೀರ (ಏಳು ವಾರದ ಮೇಲೆ)

ಎಂಆರ್‌ಐನಲ್ಲಿ ಭುಜದ ಸ್ನಾಯು ಹರಿದಿದೆ ಅಂತ ಬಂತು. ವಕೀಲರನ್ನು ಇಟ್ಟೆವು. ಎತ್ತಿದ ಹುಡುಗ ಹೇಳಿಕೆ ಬರೆದುಕೊಟ್ಟ. ಅರ್ಜೆಂಟ್ ಕೇರಿನವರು ನಮ್ಮ ಕಾಗದವನ್ನು ಫೈಲಿಗೆ ಸೇರಿಸಿದರು. ಹೋದ ವಾರ ಕ್ಲೇಮ್ ಒಪ್ಪಿದ್ದಾರೆ!

ಮೊದಲ ಚೆಕ್ಕು 480ರ ಲೆಕ್ಕದಲ್ಲಿ ಬಂದಿದೆ. ಕವರಿನ ವಿಚಾರ ವಕೀಲರು ನೋಡುತ್ತಿದ್ದಾರೆ. ಮೊದಲ ಮೂರು ದಿನಕ್ಕೆ ಕೊಡುವುದಿಲ್ಲ ಅಂತ ಎಲ್ಲೋ ಓದಿದ್ದೆ, ಆದರೆ ಅದೂ ಸೇರಿಸಿದ್ದಾರೆ.

ಫೈಲುಗುಡ್ಡೆ

14 ದಿನಕ್ಕಿಂತ ಜಾಸ್ತಿ ಕೆಲಸ ತಪ್ಪಿದರೆ ಆ ಮೂರು ದಿನವೂ ಬರುತ್ತದೆ. ಸರಿಯಾಗಿದೆ. ಒಟ್ಟು 104 ವಾರದವರೆಗೆ ಸಿಗಬಹುದು, ಅಷ್ಟು ಬೇಕಾಗದಿರಲಿ. ಡಾಕ್ಟರಿಗೆ, ಫಿಸಿಯೋಥೆರಪಿಗೆ ಹೋಗಿ ಬಂದ ಮೈಲಿ ಬರೆದಿಟ್ಟಿದ್ದೀರಾ? ಅದಕ್ಕೂ ದುಡ್ಡು ಕೊಡುತ್ತಾರೆ.

ತುಂಗಾತೀರ

ಅಯ್ಯೋ, ಇಲ್ಲ. ಅಕ್ಕ ಈಗಲೇ ಹಾಲಿನ ಲೆಕ್ಕದ ಪುಸ್ತಕದಲ್ಲಿ ಹಿಂದಿನಿಂದ ಶುರು ಮಾಡಿದ್ದಾಳೆ.